ಸಂಬಳವಿಲ್ಲದ ಸೇವೆ, ಮೈಮೇಲಿನ ಗುರುತು: ತಾರತಮ್ಯ ತಡೆಯುವ ಕಾನೂನಿನ ಕೈ ಎಲ್ಲಿಯವರೆಗೆ?

ಮಂಗಳೂರು: 2025ರ ಏಪ್ರಿಲ್ ಕೊನೆಯಲ್ಲಿ ರೈಲ್ವೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆಗಳಿಗೆ ಮಂಗಳೂರಿನಲ್ಲಿ ಪರೀಕ್ಷೆ ನಿಗದಿಯಾಗಿತ್ತು. ಅಭ್ಯರ್ಥಿಗಳ ಕೈಸೇರಿದ ಪ್ರವೇಶಪತ್ರದಲ್ಲಿ ಒಂದು ಸೂಚನೆಯಿತ್ತು. ಮಂಗಳಸೂತ್ರ, ಜನಿವಾರದಂತಹ ಧಾರ್ಮಿಕ ಚಿಹ್ನೆಗಳನ್ನು ಧರಿಸಿ ಪರೀಕ್ಷಾ ಕೊಠಡಿಗೆ ಬರುವಂತಿಲ್ಲ ಎಂಬುದು ಅದರ ಸಾರ. ನಗರದಲ್ಲಿ ಆಕ್ಷೇಪ ಎದ್ದಿತು. ರೈಲ್ವೆ ಖಾತೆ ಸಹಾಯಕ ಸಚಿವ ವಿ. ಸೋಮಣ್ಣ ಮಧ್ಯಪ್ರವೇಶಿಸಿ ಅಧಿಕಾರಿಗಳಿಗೆ ಸೂಚನೆ ನೀಡಿದರು. ನಿಯಮ ಸಡಿಲಗೊಂಡಿತು, ಪ್ರಕರಣ ಪತ್ರಿಕೆಗಳ ಒಳಪುಟಕ್ಕೆ ಸರಿದು ಮರೆಯಾಯಿತು.

ಇದಕ್ಕೆ ಎರಡು ವಾರ ಮೊದಲಷ್ಟೇ, ಏಪ್ರಿಲ್ 16 ಮತ್ತು 17ರಂದು ನಡೆದ ಸಿಇಟಿ ಪರೀಕ್ಷೆಯಲ್ಲಿ ಜನಿವಾರದ ವಿವಾದ ರಾಜ್ಯವನ್ನೇ ಕಲಕಿತ್ತು. ಬೀದರ್‌ನಲ್ಲಿ ಜನಿವಾರ ತೆಗೆಯಲೊಪ್ಪದ ವಿದ್ಯಾರ್ಥಿಯೊಬ್ಬ ಗಣಿತ ಪರೀಕ್ಷೆ ಬರೆಯಲಾಗದೆ ಹಿಂದಿರುಗಿದ. ಶಿವಮೊಗ್ಗದಲ್ಲಿ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ಜನಿವಾರ ತೆಗೆಸಿದ ದೂರು ಬಂತು. ಜನಿವಾರ ತೆಗೆಸಬೇಕೆಂಬ ನಿಯಮವೇ ತಮ್ಮಲ್ಲಿಲ್ಲ ಎಂದು ಪರೀಕ್ಷಾ ಪ್ರಾಧಿಕಾರ ಹೇಳಿತು. ಬೀದರ್‌ನಲ್ಲಿ ಪ್ರಾಂಶುಪಾಲರ ಮೇಲೆ ಕ್ರಮವಾಯಿತು. ಶಿವಮೊಗ್ಗದಲ್ಲಿ ಅಮಾನತಾದವರು ಇಬ್ಬರು ಗೃಹರಕ್ಷಕರು.

ಆ ಇಬ್ಬರ ಬಗ್ಗೆ ಅಂದು ಹೆಚ್ಚು ಚರ್ಚೆಯಾಗಲಿಲ್ಲ. ಗೃಹರಕ್ಷಕ ಎಂದರೆ ಪೊಲೀಸ್ ಅಲ್ಲ, ಸರಕಾರಿ ನೌಕರನೂ ಅಲ್ಲ. 1962ರ ಕರ್ನಾಟಕ ಗೃಹರಕ್ಷಕ ದಳ ಕಾಯ್ದೆಯಡಿ ಆತ ಕರೆ ಬಂದಾಗ ಸಮವಸ್ತ್ರ ಧರಿಸಿ ಬರುವ ಸ್ವಯಂಸೇವಕ. ಕೆಲಸ ಮಾಡಿದ ದಿನಕ್ಕೆ ಭತ್ಯೆ ಸಿಗುತ್ತದೆ, ಅಷ್ಟೆ. ಬಾಗಿಲಲ್ಲಿ ನಿಂತು ಇನ್ನೊಬ್ಬರ ಮೈಮೇಲಿನ ಗುರುತನ್ನು ಪರಿಶೀಲಿಸಬೇಕಾದವನು ಅವನೇ, ಏನಾದರೂ ತಪ್ಪಿದರೆ ಮೊದಲು ಹೊರಹೋಗಬೇಕಾದವನೂ ಅವನೇ. ಮುಂದೆ ಅದೇ ಗೃಹರಕ್ಷಕನಿಗೆ ಅವನ ಜಾತಿ, ಧರ್ಮ ಅಥವಾ ಅವನು ಧರಿಸಿದ ಯಾವುದೋ ಗುರುತಿನ ಕಾರಣಕ್ಕೆ ಕೆಲಸ ಹಂಚದೇ ಹೋದರೆ ಅವನು ಯಾರ ಬಳಿ ಹೋಗಬೇಕು? ಉದ್ಯೋಗಿಗಳ ರಕ್ಷಣೆಗಾಗಿ ರೂಪುಗೊಂಡ ಕಾನೂನುಗಳ ಬಾಗಿಲುಗಳಲ್ಲಿ ಬಹುತೇಕ ಎಲ್ಲವೂ ಅವನ ಪಾಲಿಗೆ ಮುಚ್ಚಿವೆ. ತಾರತಮ್ಯ ನಿಷೇಧದ ಕಾನೂನನ್ನು ಸ್ವಯಂಸೇವಕರಿಗೂ ಕಣ್ಣಿಗೆ ಕಾಣುವ ಗುರುತುಗಳಿಗೂ ವಿಸ್ತರಿಸಬೇಕೆಂಬ ಚರ್ಚೆ ಹೊರದೇಶಗಳಲ್ಲಿ ಹಲವು ವರ್ಷಗಳಿಂದ ನಡೆದಿದೆ. ಕರಾವಳಿಯ ಮಟ್ಟಿಗೆ ಅದು ದೂರದ ಚರ್ಚೆಯೇನಲ್ಲ.

ಗೌರವಧನವೆಂಬ ಹೆಸರಿನಲ್ಲಿ

ಸ್ವಯಂಸೇವೆ ಎಂದೊಡನೆ ಜಾತ್ರೆಯ ಊಟದ ಪಂಕ್ತಿಯಲ್ಲಿ ಬಡಿಸುವವರು, ರಕ್ತದಾನ ಶಿಬಿರದಲ್ಲಿ ಓಡಾಡುವವರು, ರವಿವಾರ ಬೆಳಿಗ್ಗೆ ಪೊರಕೆ ಹಿಡಿದು ರಾಮಕೃಷ್ಣ ಮಠದ ಸ್ವಚ್ಛ ಮಂಗಳೂರು ಅಭಿಯಾನಕ್ಕೆ ಬಂದವರು ನೆನಪಾಗುತ್ತಾರೆ. ಆದರೆ ಈ ದೇಶದಲ್ಲಿ ಸ್ವಯಂಸೇವಕರನ್ನು ಅತಿ ದೊಡ್ಡ ಸಂಖ್ಯೆಯಲ್ಲಿ ಇಟ್ಟುಕೊಂಡಿರುವುದು ಯಾವುದೇ ಸಂಘ ಸಂಸ್ಥೆಯಲ್ಲ, ಸರಕಾರ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಮಾರ್ಗಸೂಚಿಯಲ್ಲಿ ಆಶಾ ಕಾರ್ಯಕರ್ತೆಯನ್ನು ಬಣ್ಣಿಸಿರುವುದೇ ಗೌರವ ಸ್ವಯಂಸೇವಕಿ ಎಂದು. ಕರ್ನಾಟಕದಲ್ಲಿ ಸುಮಾರು 42 ಸಾವಿರ ಮಂದಿ ಗುಲಾಬಿ ಸೀರೆ ಉಟ್ಟು ಮನೆ ಮನೆ ಸುತ್ತುತ್ತಾರೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕುಳಿತು ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆದದ್ದು ಇದೇ ಸ್ವಯಂಸೇವಕಿಯರು. ಸಂಬಳಕ್ಕಾಗಿ ಧರಣಿ ಕೂರಬೇಕಾದ ಸ್ವಯಂಸೇವಕರು ಜಗತ್ತಿನಲ್ಲಿ ಬೇರೆಲ್ಲಾದರೂ ಇದ್ದಾರೆಯೇ ಎಂದು ಕೇಳಬಹುದಾದ ಸ್ಥಿತಿಯಿದು.

ಅಂಗನವಾಡಿ ಕಾರ್ಯಕರ್ತೆಯರ ಕಥೆ ಇನ್ನೂ ಹಳೆಯದು, ಅದರಲ್ಲಿ ಕರ್ನಾಟಕದ ಪಾಲೂ ದೊಡ್ಡದು. ಕರ್ನಾಟಕ ಸರಕಾರ ಮತ್ತು ಅಮೀರ್‌ಬಿ ಎಂಬವರ ನಡುವಿನ ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯರು ಸರಕಾರದಡಿ ನಾಗರಿಕ ಹುದ್ದೆ ಹೊಂದಿದವರಲ್ಲ ಎಂದಿತು. ಆದ್ದರಿಂದ ನೌಕರರ ದೂರು ಕೇಳುವ ಕರ್ನಾಟಕ ಆಡಳಿತ ನ್ಯಾಯಮಂಡಳಿಯ ಬಾಗಿಲು ಅವರಿಗೆ ತೆರೆಯಲಿಲ್ಲ. 2015ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಗೃಹರಕ್ಷಕರ ಪ್ರಕರಣದಲ್ಲಿಯೂ ಇದೇ ಜಾಡು. ಖಾಯಂಮಾತಿ ಸಾಧ್ಯವಿಲ್ಲ ಎಂದ ನ್ಯಾಯಾಲಯ, ಅವರ ದಿನಭತ್ಯೆಯು ತಿಂಗಳ ಲೆಕ್ಕದಲ್ಲಿ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗಿರಬೇಕೆಂದು ಆದೇಶಿಸಿತು. ಹಣದ ವಿಷಯದಲ್ಲಿ ನ್ಯಾಯಾಲಯದ ಮನಸ್ಸು ಕರಗಿದೆ, ಸ್ಥಾನಮಾನದ ವಿಷಯದಲ್ಲಿ ಕಾನೂನಿನ ಪದಗಳೇ ಅಡ್ಡಬಂದಿವೆ.

ಬದಲಾವಣೆಯ ಗಾಳಿ ಬೀಸಿದ್ದು 2022ರ ಏಪ್ರಿಲ್ 25ರಂದು. ಗುಜರಾತಿನ ದಾಹೋದ್‌ನ ಅಂಗನವಾಡಿ ಕಾರ್ಯಕರ್ತೆಯೊಬ್ಬರ ಮೇಲ್ಮನವಿಯಲ್ಲಿ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ ಅವರ ಪೀಠ, ಗೌರವಧನವೂ ಉಪದಾನ ಕಾಯ್ದೆಯ ಅರ್ಥದಲ್ಲಿ ವೇತನವೇ ಎಂದು ತೀರ್ಮಾನಿಸಿತು. ಹೆಸರು ಏನೇ ಇರಲಿ, ದುಡಿಮೆ ದುಡಿಮೆಯೇ ಎಂಬ ಈ ನೋಟ ಮಹತ್ವದ್ದು. ಆದರೆ ಅದು ಉಪದಾನಕ್ಕೆ ಸೀಮಿತ. ತಾರತಮ್ಯದ ಪ್ರಶ್ನೆ ಅಲ್ಲಿ ಇರಲಿಲ್ಲ.

ಹಾಗಾದರೆ ತಾರತಮ್ಯದ ದೂರು ಹೊತ್ತ ಸ್ವಯಂಸೇವಕನಿಗೆ ಏನಿದೆ? ಸಂವಿಧಾನದ 15ನೇ ವಿಧಿ ಸರಕಾರದ ಮೇಲೆ ಹೊರಿಸಿದ ಹೊಣೆಯಿದೆ. 16ನೇ ವಿಧಿ ಸರಕಾರಿ ಉದ್ಯೋಗದ ಮಾತನಾಡುತ್ತದೆ, ಮತ್ತು ಉದ್ಯೋಗ ಎಂಬ ಪದದ ಬಳಿಯೇ ಮತ್ತೆ ತಕರಾರು ಆರಂಭವಾಗುತ್ತದೆ. ರಿಟ್ ಅರ್ಜಿ ಹಾಕಬಹುದು. ಅದಕ್ಕೆ ಸುಮಾರು 350 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕು. ಧಾರವಾಡ, ಕಲಬುರಗಿಗೆ ಹೈಕೋರ್ಟ್ ಪೀಠ ಬಂದಿರುವಾಗ ಮಂಗಳೂರಿಗೆ ಯಾಕಿಲ್ಲ ಎಂಬ ಇಲ್ಲಿನ ವಕೀಲರ ಹಳೆಯ ಬೇಡಿಕೆಗೆ ಇಂತಹ ಪ್ರಕರಣಗಳೂ ಸಾಕ್ಷಿ ಹೇಳಬಲ್ಲವು. ಸಂಸ್ಥೆ ಖಾಸಗಿಯಾಗಿದ್ದರಂತೂ ಇಷ್ಟೂ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ, ವೇತನ ಹಾಗೂ ನೇಮಕಾತಿಯಲ್ಲಿ ಲಿಂಗದ ಆಧಾರದ ತಾರತಮ್ಯವನ್ನು ನಿಷೇಧಿಸಿದೆ. ಧರ್ಮ, ಭಾಷೆ, ಉಡುಗೆ ಅಲ್ಲಿಲ್ಲ. ಸ್ವಯಂಸೇವಕನೂ ಇಲ್ಲ.

ಇದು ಭಾರತದ ಕಾನೂನಿಗೆ ಮಾತ್ರ ಅಂಟಿದ ದೋಷವಲ್ಲ. ಸಮಾನತೆಯ ಕಾಯ್ದೆಗಳಿಗೆ ಹೆಸರಾದ ಬ್ರಿಟನ್ನಿನಲ್ಲಿ, ಮಿಡ್ ಸಸೆಕ್ಸ್‌ನ ನಾಗರಿಕ ಸಲಹಾ ಕೇಂದ್ರದಲ್ಲಿ ಸಂಬಳವಿಲ್ಲದೆ ಕಾನೂನು ಸಲಹೆ ನೀಡುತ್ತಿದ್ದ ಎಚ್‌ಐವಿ ಸೋಂಕಿತ ಮಹಿಳೆಯೊಬ್ಬರು ತಮ್ಮನ್ನು ಕೈಬಿಟ್ಟದ್ದು ತಾರತಮ್ಯವೆಂದು ದಾವೆ ಹೂಡಿದ್ದರು. ಒಪ್ಪಂದವಿಲ್ಲದ ಸ್ವಯಂಸೇವಕರಿಗೆ ಉದ್ಯೋಗದ ತಾರತಮ್ಯ ನಿಷೇಧ ಅನ್ವಯಿಸುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 2012ರ ಡಿಸೆಂಬರ್‌ನಲ್ಲಿ ಅಂತಿಮವಾಗಿ ಹೇಳಿತು. ತಾರತಮ್ಯ ನಡೆದಿತ್ತೇ ಇಲ್ಲವೇ ಎಂಬ ವಿಚಾರಣೆಯ ಹಂತಕ್ಕೇ ಪ್ರಕರಣ ತಲುಪಲಿಲ್ಲ. ಹೊಸ್ತಿಲಲ್ಲೇ ನಿಂತಿತು.

ವಿಶೇಷವೆಂದರೆ ಅದರ ಮರುವರ್ಷವೇ ಭಾರತದ ಸಂಸತ್ತು, ಬಹುಶಃ ಹೆಚ್ಚು ಸದ್ದಿಲ್ಲದೆ, ಆ ಹೊಸ್ತಿಲನ್ನು ದಾಟಿತ್ತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಉದ್ಯೋಗಿ ಎಂಬ ಪದದ ವ್ಯಾಖ್ಯೆ ಓದಿದರೆ ಸಂಭಾವನೆ ಇರಲಿ ಇಲ್ಲದಿರಲಿ, ಸ್ವಯಂಪ್ರೇರಣೆಯಿಂದ ದುಡಿಯುವವರೂ ಅದರೊಳಗೆ ಬರುತ್ತಾರೆ. ಶಿಕ್ಷಾರ್ಥಿ, ತರಬೇತಿನಿರತರು, ಗುತ್ತಿಗೆಯವರು ಎಲ್ಲರೂ ಸೇರಿದ್ದಾರೆ. ಹತ್ತಕ್ಕಿಂತ ಕಡಿಮೆ ಮಂದಿಯಿರುವ ಸಂಸ್ಥೆಗಳ ದೂರು ಕೇಳಲು ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿಯನ್ನೂ ಕಾಯ್ದೆ ಒದಗಿಸಿದೆ, 90 ದಿನಗಳಲ್ಲಿ ವಿಚಾರಣೆ ಮುಗಿಸಬೇಕೆಂಬ ಗಡುವೂ ಇದೆ. ಹೀಗಾಗಿ ಸೇವಾ ಸಂಸ್ಥೆಯೊಂದರ ಸ್ವಯಂಸೇವಕಿಗೆ ಅಲ್ಲಿನ ಕಾರ್ಯದರ್ಶಿ ಕಿರುಕುಳ ಕೊಟ್ಟರೆ ಆಕೆ ಉದ್ಯೋಗಿ. ಅದೇ ಕಾರ್ಯದರ್ಶಿ ಆಕೆಯ ತಲೆವಸ್ತ್ರವನ್ನೋ ಕತ್ತಿನ ಶಿಲುಬೆಯನ್ನೋ ಹಣೆಯ ಕುಂಕುಮವನ್ನೋ ಕಂಡು ನಾಳೆಯಿಂದ ಬರಬೇಡ ಎಂದರೆ ಆಕೆ ಯಾರೂ ಅಲ್ಲ. ಒಂದೇ ಸ್ಥಳ, ಒಂದೇ ಕೆಲಸ, ಒಬ್ಬಳೇ ಮಹಿಳೆ.

ಯಾವ ಚಿಹ್ನೆ ಅತ್ಯಗತ್ಯ?

ಇನ್ನು ಗುರುತಿನ ಮಾತು. ಮಂಗಳೂರಿಗೆ ಈ ವಿಷಯದಲ್ಲಿ ನೆನಪಿಸಬೇಕಾದ್ದು ಬಹಳವಿಲ್ಲ. 2022ರ ಫೆಬ್ರವರಿ 5ರ ಸಮವಸ್ತ್ರದ ಆದೇಶ, ಅದಕ್ಕೆ ಮೊದಲು ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಎದ್ದ ವಿವಾದ, ಮಾರ್ಚ್ 15ರಂದು ಬಂದ ಹೈಕೋರ್ಟ್ ತೀರ್ಪು ಎಲ್ಲವೂ ಪರಿಚಿತ. ಮೇ ತಿಂಗಳಲ್ಲಿ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಒಂದು ಗುಂಪು ಹಿಜಾಬ್ ವಿರುದ್ಧ ಪ್ರತಿಭಟಿಸಿತು. ವಿಶ್ವವಿದ್ಯಾನಿಲಯದ ಸಿಂಡಿಕೇಟ್ ಸಮವಸ್ತ್ರದ ನಿರ್ಣಯ ಕೈಗೊಂಡಿತು. ತಲೆವಸ್ತ್ರ ಬಿಡಲೊಪ್ಪದವರಿಗೆ ತರಗತಿ ಸಿಗಲಿಲ್ಲ. ಅವಿಭಜಿತ ದಕ್ಷಿಣ ಕನ್ನಡದ ಸರಕಾರಿ ಮತ್ತು ಅನುದಾನಿತ ಕಾಲೇಜುಗಳ ಮುಸ್ಲಿಂ ವಿದ್ಯಾರ್ಥಿನಿಯರಲ್ಲಿ ಶೇ. 16ರಷ್ಟು ಮಂದಿ ವರ್ಗಾವಣೆ ಪತ್ರ ಪಡೆದಿದ್ದಾರೆಂದು ಮಾಹಿತಿ ಹಕ್ಕಿನಡಿ ದೊರೆತ ವಿವರ ಆಧರಿಸಿ ಅದೇ ವರ್ಷದ ಆಗಸ್ಟ್‌ನಲ್ಲಿ ವರದಿಯಾಯಿತು. ಪ್ರತಿಯೊಬ್ಬರ ಕಾರಣವೂ ಹಿಜಾಬ್ ಎನ್ನಲಾಗದು. ಆದರೂ ಸಂಖ್ಯೆ ಸಣ್ಣದಲ್ಲ.

ಹೈಕೋರ್ಟ್ ಕೇಳಿದ ಮುಖ್ಯ ಪ್ರಶ್ನೆ ಹಿಜಾಬ್ ಇಸ್ಲಾಂನ ಅತ್ಯಗತ್ಯ ಆಚರಣೆಯೇ ಎಂಬುದು. ಅಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಭಿನ್ನ ತೀರ್ಪು ಬಂತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದರೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅದನ್ನು ತಳ್ಳಿಹಾಕಿದರು. ಅತ್ಯಗತ್ಯ ಆಚರಣೆಯ ಚರ್ಚೆಗೇ ಹೋಗಬೇಕಿರಲಿಲ್ಲ, ಇದು ಆಯ್ಕೆಯ ವಿಷಯ, ಹೆಣ್ಣುಮಕ್ಕಳ ಶಿಕ್ಷಣದ ವಿಷಯ ಎಂಬುದು ಅವರ ನಿಲುವು. ಪ್ರಕರಣ ವಿಸ್ತೃತ ಪೀಠದ ರಚನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. 2023ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ನಿರ್ಬಂಧ ತೆಗೆಯುವ ಮಾತನಾಡಿ, ಮರುದಿನ ಆಲೋಚನೆ ಮಾತ್ರ ನಡೆದಿದೆ ಎಂದರು.

ಈಗ ಅದೇ ಅಳತೆಗೋಲನ್ನು 2025ರ ಏಪ್ರಿಲ್‌ಗೆ ತಂದು ನೋಡಬಹುದು. ಜನಿವಾರ ಅತ್ಯಗತ್ಯ ಆಚರಣೆಯೇ? ಪರೀಕ್ಷೆಯ ಹೊತ್ತು ಅದನ್ನು ತೆಗೆದಿಟ್ಟರೆ ಧರ್ಮಕ್ಕೆ ಚ್ಯುತಿಯೇ? ಮಂಗಳಸೂತ್ರಕ್ಕೆ ಶ್ರುತಿಯ ಆಧಾರವೇನು, ಯಾವ ಗ್ರಂಥದಲ್ಲಿದೆ? ಇಂತಹ ಪ್ರಶ್ನೆಯನ್ನು ಸಚಿವರೂ ಕೇಳಲಿಲ್ಲ, ಅಧಿಕಾರಿಗಳೂ ಕೇಳಲಿಲ್ಲ. ಕೇಳದಿದ್ದುದೇ ಸರಿ. ಮೈಮೇಲಿನ ಗುರುತೊಂದು ಆ ವ್ಯಕ್ತಿಗೆ ಮುಖ್ಯವೆನಿಸಿದರೆ ಸಾಕು, ಅದನ್ನು ತೆಗೆಸಲು ಆಡಳಿತದ ಬಳಿ ಏನು ಕಾರಣವಿದೆ ಎಂಬುದಷ್ಟೇ ಪ್ರಶ್ನೆಯಾಗಬೇಕು ಎಂಬ ನ್ಯಾಯ ಅಂದು ತಾನಾಗಿಯೇ ನಡೆಯಿತು. ಸಚಿವರ ಒಂದು ಸೂಚನೆಯಲ್ಲಿ ಕೆಲವರಿಗೆ ದೊರೆತ ಈ ನ್ಯಾಯ, ಇನ್ನು ಕೆಲವರಿಗೆ ಎರಡು ಹಂತದ ನ್ಯಾಯಾಲಯಗಳಲ್ಲಿಯೂ ಪೂರ್ತಿಯಾಗಿ ದಕ್ಕದಿರುವುದು ಮಾತ್ರ ವಿಪರ್ಯಾಸ. ತರಗತಿಯ ಸಮವಸ್ತ್ರ ಬೇರೆ, ಪರೀಕ್ಷಾ ಕೇಂದ್ರದ ತಪಾಸಣೆ ಬೇರೆ ಎಂಬ ವಾದವಿದೆ, ಅದರಲ್ಲಿ ಹುರುಳೂ ಇದೆ. ಎರಡೂ ಕಡೆ ಕಾರಣ ಕೇಳುವ ವಿಧಾನ ಒಂದೇ ಆಗಿರಬೇಕಲ್ಲವೇ ಎಂಬುದಕ್ಕೆ ಆ ವಾದ ಉತ್ತರವಲ್ಲ.

ಸ್ವಯಂಸೇವೆ ಮತ್ತು ಗುರುತು ಎರಡೂ ಒಟ್ಟಿಗೆ ಎದುರಾದ ಪ್ರಕರಣ ಗಡಿಯಾಚೆಯ ಕೇರಳದಲ್ಲಿ ನಡೆಯಿತು. ಅಲ್ಲಿನ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ ಮಕ್ಕಳು ತಾವಾಗಿ ಸೇರುವಂಥದ್ದು. ಕೋಯಿಕ್ಕೋಡ್ ಜಿಲ್ಲೆಯ ವಿದ್ಯಾರ್ಥಿನಿಯೊಬ್ಬಳು ಸಮವಸ್ತ್ರದ ಜತೆ ತಲೆವಸ್ತ್ರ, ಪೂರ್ಣ ತೋಳಿನ ಅಂಗಿಗೆ ಅನುಮತಿ ಕೇಳಿದಾಗ, 2022ರ ಜನವರಿಯಲ್ಲಿ ರಾಜ್ಯ ಸರಕಾರ ಜಾತ್ಯತೀತತೆಯ ಕಾರಣ ನೀಡಿ ನಿರಾಕರಿಸಿತು. ಆಗ ಅಲ್ಲಿದ್ದುದು ಎಡಪಕ್ಷಗಳ ಸರಕಾರ ಎಂಬುದು ಗಮನಾರ್ಹ. ಕರ್ನಾಟಕದ ಹಿಜಾಬ್ ವಿವಾದವನ್ನು ಒಂದು ಪಕ್ಷದ ಕಾರ್ಯಸೂಚಿಯೆಂದು ಮಾತ್ರ ನೋಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎನ್‌ಸಿಸಿಯಲ್ಲಿ ಸಿಖ್ ಕೆಡೆಟ್‌ಗಳು ಪೇಟ ಧರಿಸಿಯೇ ಕವಾಯತು ಮಾಡುತ್ತಾರೆ. ಪೇಟದಿಂದ ಶಿಸ್ತು ಕೆಡುವುದಿಲ್ಲ ಎಂದಾದರೆ ಉಳಿದವುಗಳಿಂದ ಕೆಡುತ್ತದೆಯೇ ಎಂಬುದನ್ನು ಪರಿಶೀಲಿಸಿ ಹೇಳಬೇಕಾದ ಹೊಣೆ ಸರಕಾರದ್ದು. ಸ್ವಯಂಪ್ರೇರಿತ ಯೋಜನೆ, ಒಪ್ಪಿಗೆಯಾಗದಿದ್ದರೆ ಸೇರದಿರಬಹುದು ಎಂಬ ಉತ್ತರ ಸುಲಭದ್ದು. ಸ್ವಯಂಸೇವಕರ ವಿಷಯದಲ್ಲಿ ಎಲ್ಲೆಡೆ ಸಿಗುವ ಉತ್ತರವೂ ಇದೇ.

ಕರಾವಳಿ ಮರೆತ ಎರಡು ಕಾಯ್ದೆ

ಮೈಮೇಲಿನ ಗುರುತಿಗೂ ಸಂಬಳವಿಲ್ಲದ ದುಡಿಮೆಗೂ ಇರುವ ನಂಟನ್ನು ತುಳುನಾಡು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಕೊರಗ ಸಮುದಾಯದ ಚರಿತ್ರೆ ಕಣ್ಣೆದುರಿಗಿದೆ. ಇಪ್ಪತ್ತನೆಯ ಶತಮಾನದ ಆರಂಭದ ದಾಖಲೆಗಳಲ್ಲಿ, 1909ರ ಎಡ್ಗರ್ ಥರ್ಸ್ಟನ್‌ನ ಗ್ರಂಥವೂ ಸೇರಿದಂತೆ, ಸೊಪ್ಪು ಕೊರಗರು, ಅಂಡೆ ಕೊರಗರು ಎಂಬ ವಿಭಾಗಗಳ ಪ್ರಸ್ತಾಪವಿದೆ. ಸೊಪ್ಪು ಎಂದರೆ ಮಹಿಳೆಯರು ಸೊಂಟಕ್ಕೆ ಸುತ್ತಿಕೊಳ್ಳಬೇಕಾಗಿದ್ದ ಎಲೆಯ ಉಡುಗೆ. ಅಂಡೆ ಎಂದರೆ ದಾರಿಯ ಮೇಲೆ ಉಗುಳಬಾರದೆಂದು ಕುತ್ತಿಗೆಗೆ ಕಟ್ಟಿಸಿದ ಪಾತ್ರೆ. ತನ್ನ ಗುರುತನ್ನು ತಾನು ಧರಿಸುವ ಹಕ್ಕಿನ ಮಾತಿರಲಿ, ಇತರರು ಹೊರಿಸಿದ ಗುರುತನ್ನು ಕಳಚುವ ಹಕ್ಕೂ ಅವರಿಗಿರಲಿಲ್ಲ. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆ ಆರಂಭಿಸಿದ ಕಾಲದ ಸಮಾಜ ಇದು.

1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಪ್ರಕರಣವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅಸ್ಪೃಶ್ಯತೆಯ ಕಾರಣಕ್ಕೆ ಬಾವಿ, ರಸ್ತೆ, ಅಂಗಡಿ, ಆಸ್ಪತ್ರೆ, ಉದ್ಯೋಗಗಳಿಂದ ಯಾರನ್ನೂ ಹೊರಗಿಡಬಾರದೆಂಬ ದೀರ್ಘ ಪಟ್ಟಿಯ ಕೊನೆಯಲ್ಲಿ ಆಭರಣ ಮತ್ತು ಉಡುಗೆ ತೊಡುಗೆಯ ಅಲಂಕಾರವನ್ನೂ ಸೇರಿಸಲಾಗಿದೆ. ಚಿನ್ನ ಹಾಕಿಕೊಂಡ, ರವಿಕೆ ತೊಟ್ಟ, ಚಪ್ಪಲಿ ಮೆಟ್ಟಿದ ತಪ್ಪಿಗೆ ಪೆಟ್ಟು ತಿಂದವರ ದೇಶದಲ್ಲಿ ಶಾಸನ ರಚಿಸಿದವರಿಗೆ, ತಾರತಮ್ಯ ಮೊದಲು ನಡೆಯುವುದು ಮೈಮೇಲೆ ಎಂಬುದು ತಿಳಿದಿತ್ತು.

ಎರಡನೆಯದು ಇನ್ನೂ ಹತ್ತಿರದ್ದು. ಕರ್ನಾಟಕದ ಶಾಸಕಾಂಗ 2000ದಲ್ಲಿ ರೂಪಿಸಿದ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ಆಹಾರದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸುವುದು, ಕಂಬಳಕ್ಕೆ ಮುನ್ನ ಕೊರಗರನ್ನು ಕೋಣಗಳಂತೆ ಓಡಿಸುವುದು ಮುಂತಾದ ಅಮಾನುಷ ಕೃತ್ಯಗಳನ್ನು ಹೆಸರಿಸಿ ನಿಷೇಧಿಸಿತು. ಅಜಲು ಎಂಬುದರ ವ್ಯಾಖ್ಯೆಯಲ್ಲಿ ಇನ್ನೊಂದು ಅಂಶವೂ ಇದೆ: ಸೇವೆ ಪಡೆದು ಕೂಲಿ ಕೊಡದಿರುವ, ಇಲ್ಲವೇ ಇತರರಿಗಿಂತ ಕಡಿಮೆ ಕೂಲಿ ಕೊಡುವ ಭೇದಭಾವ. ಕೂಲಿಯಿಲ್ಲದ ಸೇವೆಯೊಳಗೇ ತಾರತಮ್ಯ ಅಡಗಿರಬಹುದೆಂದು, ಭಕ್ತಿ ಸಂಪ್ರದಾಯಗಳ ಹೆಸರಿನಲ್ಲಿ ಅದು ಸೇವೆಯಂತೆಯೇ ಕಾಣಬಹುದೆಂದು ಒಪ್ಪಿಕೊಂಡ ಕಾನೂನಿದು. ನೌಕರ ಯಾರು, ಒಪ್ಪಂದ ಎಲ್ಲಿ ಎಂದು ಅದು ಕೇಳಲಿಲ್ಲ. ಡೋಲು ಬಾರಿಸಿದವನನ್ನು ಹೇಗೆ ನಡೆಸಿಕೊಂಡಿರಿ ಎಂದಷ್ಟೇ ಕೇಳಿತು. ಬ್ರಿಟನ್ನಿನ ನ್ಯಾಯಾಲಯ ಹನ್ನೆರಡು ವರ್ಷಗಳ ಬಳಿಕ ಹೊಸ್ತಿಲಲ್ಲೇ ನಿಲ್ಲಿಸಿದ ಪ್ರಶ್ನೆಯನ್ನು ಈ ಕಾಯ್ದೆ ಒಳಗೆ ಬಿಟ್ಟುಕೊಂಡಿತ್ತು ಎಂದರೆ ತಪ್ಪಾಗಲಾರದು. ಕಾಯ್ದೆಯ ಜಾರಿ ಎಷ್ಟರ ಮಟ್ಟಿಗೆ ಆಗಿದೆ ಎಂಬುದು ಬೇರೆಯೇ ಲೇಖನಕ್ಕೆ ವಸ್ತು.

ಅಂದರೆ ಬಟ್ಟೆಯ ತುಂಡುಗಳೆಲ್ಲ ಮನೆಯಲ್ಲೇ ಇವೆ, ಹೊಲಿದವರಿಲ್ಲ. ಸ್ವಯಂಸೇವಕಿಗೆ 2013ರ ಕಾಯ್ದೆಯಲ್ಲಿ ಜಾಗವಿದೆ, ಕಿರುಕುಳಕ್ಕೆ ಮಾತ್ರ. ಉಡುಗೆಗೆ 1955ರ ಕಾಯ್ದೆಯಲ್ಲಿ ರಕ್ಷಣೆಯಿದೆ, ಅಸ್ಪೃಶ್ಯತೆಯ ಸಂದರ್ಭದಲ್ಲಿ ಮಾತ್ರ. ಲಿಂಗತ್ವದ ಗುರುತನ್ನು ಉಡುಪು, ಮಾತು, ನಡವಳಿಕೆಗಳ ಮೂಲಕ ವ್ಯಕ್ತಪಡಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಹೇಳಿತು. 2025ರ ಅಕ್ಟೋಬರ್‌ನಲ್ಲಿ ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡ ಟ್ರಾನ್ಸ್‌ಜೆಂಡರ್ ಶಿಕ್ಷಕಿಯೊಬ್ಬರಿಗೆ ಪರಿಹಾರವನ್ನೂ ಕೊಡಿಸಿತು. ಅಲ್ಲಿಯೂ ವಿಷಯ ಉದ್ಯೋಗದ್ದೇ. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲಿಯೇ ಸ್ಥಾನ ದೊರೆತಿದೆ. ಉಳಿದವರು ಒಬ್ಬೊಬ್ಬರಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು.

ಹೊಲಿದ ಉದಾಹರಣೆಗೆ ಅಮೆರಿಕದ ಕ್ಯಾಲಿಫೋರ್ನಿಯಾವನ್ನು ನೋಡಬಹುದು. ಧಾರ್ಮಿಕ ಉಡುಗೆ ಮತ್ತು ಕೇಶ, ಗಡ್ಡಗಳ ರಕ್ಷಣೆಯನ್ನು ಅಲ್ಲಿನ ಶಾಸನಸಭೆ 2012ರಲ್ಲಿ ಉದ್ಯೋಗ ಕಾನೂನಿಗೆ ಸ್ಪಷ್ಟವಾಗಿ ಸೇರಿಸಿತು. 2014ರಲ್ಲಿ ಸಂಬಳವಿಲ್ಲದ ತರಬೇತಿನಿರತರಿಗೂ ಸ್ವಯಂಸೇವಕರಿಗೂ ಕಿರುಕುಳ ಹಾಗೂ ಧಾರ್ಮಿಕ ಆಚರಣೆಯ ವಿಷಯದಲ್ಲಿ ರಕ್ಷಣೆ ವಿಸ್ತರಿಸಿತು. 2019ರಲ್ಲಿ ಕಪ್ಪು ಜನರ ಜಡೆ, ಗುಂಗುರು ಕೂದಲ ಶೈಲಿಗಳೂ ಜನಾಂಗದ ಗುರುತಿನ ಭಾಗವೆಂದು ಒಪ್ಪಿಕೊಂಡಿತು. ಏಳು ವರ್ಷಗಳಲ್ಲಿ ಮೂರು ತಿದ್ದುಪಡಿ.

ಆಕ್ಷೇಪಗಳ ತೂಕ

ವಿರೋಧದ ವಾದಗಳು ಹಗುರವೇನಲ್ಲ. ಬ್ರಹ್ಮಕಲಶೋತ್ಸವಕ್ಕೆ ಸ್ವಯಂಸೇವಕರನ್ನು ಆರಿಸುವ ದೇವಸ್ಥಾನ, ಸಾಂತ್‌ಮಾರಿಯ ವ್ಯವಸ್ಥೆಗೆ ಯುವಕರನ್ನು ಕರೆಯುವ ಇಗರ್ಜಿ, ಉಳ್ಳಾಲ ಉರೂಸ್‌ಗೆ ಸಿದ್ಧವಾಗುವ ದರ್ಗಾ ಎಲ್ಲರೂ ತಮ್ಮ ಭಕ್ತರನ್ನೇ ಕರೆಯುತ್ತಾರೆ. ಅಲ್ಲಿಗೆ ಕಾನೂನಿನ ಕೈ ಚಾಚಿದರೆ 26ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯದ ಪ್ರಶ್ನೆ ಬರುತ್ತದೆ. ಆದ್ದರಿಂದ ಪೂಜೆ, ಆಚರಣೆಗಳಿಗೆ ನೇರ ಸಂಬಂಧಿಸಿದ ಸೇವೆಯನ್ನು ಹೊರಗಿಡುವುದು ಅನಿವಾರ್ಯ. ಆದರೆ ಅದೇ ಸಂಸ್ಥೆ ಸರಕಾರದ ಅನುದಾನ ಪಡೆದು ಆಸ್ಪತ್ರೆ, ಶಾಲೆ ನಡೆಸುವಾಗ ಈ ರಿಯಾಯಿತಿ ಅಲ್ಲಿಗೂ ಹಬ್ಬಬಾರದು. ಹತ್ತು ಮಂದಿಯ ಯುವಕ ಮಂಡಲಕ್ಕೆ ಕಡತ, ವಹ, ನೋಟಿಸುಗಳ ಹೊರೆ ಹೊರಿಸಿದರೆ ಸೇವೆಯೇ ನಿಂತೀತು ಎಂಬ ಭಯವೂ ನಿಜ. ಕರಾವಳಿಯಲ್ಲಿ ಇಂತಹ ಮಂಡಲಗಳಿಲ್ಲದ ಊರಿಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದಾಗ ಮೊದಲು ಓಡಿಬರುವವರೂ ಅವರೇ.

ಪರೀಕ್ಷಾ ಅಕ್ರಮದ ವಾದ ಇನ್ನಷ್ಟು ಗಂಭೀರ. 2023ರ ಅಕ್ಟೋಬರ್‌ನಲ್ಲಿ ನಿಗಮ ಮಂಡಳಿಗಳ ಹುದ್ದೆಗಳ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಬ್ಲೂಟೂತ್ ಉಪಕರಣ ಬಳಸಿದ್ದು ಪತ್ತೆಯಾದ ನಂತರವೇ ನವೆಂಬರ್‌ನಲ್ಲಿ ತಲೆ, ಕಿವಿ ಮುಚ್ಚುವ ವಸ್ತ್ರಗಳಿಗೆ ನಿಷೇಧ ಬಂತು. ಮಂಗಳಸೂತ್ರ, ಕಾಲುಂಗುರಗಳಿಗೆ ವಿನಾಯಿತಿ ಸಿಕ್ಕಿತು. ಕಿವಿಯಲ್ಲಿ ಉಪಕರಣ ಅಡಗಿಸಬಹುದು ಎಂಬುದು ಒಪ್ಪತಕ್ಕ ಕಾರಣವೇ. ಆದರೆ ಮಹಿಳಾ ಸಿಬ್ಬಂದಿ ಮರೆಯಲ್ಲಿ ಒಮ್ಮೆ ತಪಾಸಣೆ ಮಾಡಿದರೆ ಮುಗಿಯುವ ಕೆಲಸಕ್ಕೆ ನಿಷೇಧವೇ ಬೇಕಿತ್ತೇ? ಹತ್ತಿಯ ನೂಲಿನ ಜನಿವಾರದಲ್ಲಿ ಯಾವ ಉಪಕರಣ ಅಡಗಬಲ್ಲದು? ಕಾರಣ ಕೇಳುವ ಕಾನೂನಿದ್ದಿದ್ದರೆ ಈ ಎರಡೂ ಪ್ರಶ್ನೆಗಳನ್ನು ಸೂಚನೆ ಅಚ್ಚಾಗುವ ಮೊದಲೇ ಯಾರಾದರೂ ಮೇಜಿನ ಮೇಲೆ ಇಡಬೇಕಾಗುತ್ತಿತ್ತು.

ಇಂತಹ ತೂಗಿನೋಡುವಿಕೆ ಅಸಾಧ್ಯವಲ್ಲ ಎಂಬುದಕ್ಕೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ 2013ರ ಜನವರಿಯ ತೀರ್ಪು ಒಳ್ಳೆಯ ನಿದರ್ಶನ, ನರ್ಸಿಂಗ್ ಕಾಲೇಜುಗಳ ನಗರವಾದ ಮಂಗಳೂರಿಗೆ ವಿಶೇಷವಾಗಿ ಅನ್ವಯಿಸುವಂಥದ್ದು. ಒಂದೇ ತೀರ್ಪಿನಲ್ಲಿ ಇಬ್ಬರು ಕ್ರೈಸ್ತ ಮಹಿಳೆಯರ ಶಿಲುಬೆಯ ಪ್ರಶ್ನೆಯಿತ್ತು. ಬ್ರಿಟಿಷ್ ಏರ್‌ವೇಸ್‌ನ ಉದ್ಯೋಗಿಯ ಪರವಾಗಿ ತೀರ್ಪಾಯಿತು, ಏಕೆಂದರೆ ಕಂಪನಿಯ ವರ್ಚಸ್ಸು ಎಂಬ ಕಾರಣ ಆಕೆಯ ಹಕ್ಕಿಗಿಂತ ಭಾರವಾಗಿರಲಿಲ್ಲ. ಆಸ್ಪತ್ರೆಯ ನರ್ಸ್‌ ಸೋತರು, ಏಕೆಂದರೆ ರೋಗಿಯ ಹಾಸಿಗೆಯ ಬಳಿ ಕುತ್ತಿಗೆಯ ಸರ ಅಪಾಯ ತರಬಹುದಿತ್ತು. ಶಿಲುಬೆ ಧರಿಸುವುದು ಕ್ರೈಸ್ತರಿಗೆ ಕಡ್ಡಾಯವೇ ಎಂಬ ಚರ್ಚೆಯಲ್ಲಿ ಪ್ರಕರಣ ಮುಳುಗಲಿಲ್ಲ.

ದೇಶಕ್ಕೊಂದು ಸಮಗ್ರ ಸಮಾನತಾ ಕಾನೂನು ಬೇಕೆಂಬ ಮಾತು ಹಳೆಯದು. 2006ರಲ್ಲಿ ಸಾಚಾರ್ ಸಮಿತಿ ಸಮಾನ ಅವಕಾಶ ಆಯೋಗದ ಶಿಫಾರಸು ಮಾಡಿತು. ಎನ್.ಆರ್. ಮಾಧವ ಮೆನನ್ ನೇತೃತ್ವದ ತಜ್ಞರ ಸಮಿತಿ 2008ರಲ್ಲಿ ಅದರ ರೂಪುರೇಷೆ ಕೊಟ್ಟಿತು. ಶಶಿ ತರೂರ್ 2017ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆ ಚರ್ಚೆಯ ಹಂತವನ್ನೂ ದಾಟದೆ ಬಿದ್ದುಹೋಯಿತು. ಕರ್ನಾಟಕದಲ್ಲಿ 2025ರಲ್ಲಿ ಸುದ್ದಿಯಾದ ರೋಹಿತ್ ವೇಮುಲ ಹೆಸರಿನ ಮಸೂದೆಯ ಕರಡು ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೀಮಿತವಾಗಿತ್ತು. ಶಿಕ್ಷಣ ಹಾಗೂ ಕಾರ್ಮಿಕ ಕಲ್ಯಾಣ ಎರಡೂ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯಕ್ಕೆ ದಿಲ್ಲಿಯ ದಾರಿ ಕಾಯಬೇಕಾದ ಅಗತ್ಯವಿಲ್ಲ. ಅಜಲು ಕಾಯ್ದೆಗೂ ಅದು ಕಾದಿರಲಿಲ್ಲ.

ಆರಂಭಕ್ಕೆ ದೊಡ್ಡ ಆಯೋಗವೂ ಬೇಕಿಲ್ಲ. ಉದ್ಯೋಗಿಯ ವ್ಯಾಖ್ಯೆಯನ್ನು 2013ರ ಕಾಯ್ದೆಯಿಂದ ಎರವಲು ಪಡೆಯಬಹುದು. ಮೈಮೇಲಿನ ಗುರುತನ್ನು ತೆಗೆಸುವ ಯಾವುದೇ ಸೂಚನೆಗೆ ಲಿಖಿತ ಕಾರಣ, ಮುಂಗಡ ಪ್ರಕಟಣೆ, ಹೊಣೆ ಹೊರುವ ಅಧಿಕಾರಿಯ ಸಹಿ ಇರಲೇಬೇಕೆಂದು ವಿಧಿಸಬಹುದು. ಸಹಿ ಮಾಡಿದವರು ಯಾರೆಂದು ತಿಳಿದಿದ್ದರೆ ವಿವಾದ ಎದ್ದಾಗ ಅಮಾನತಿನ ಆದೇಶ ಗೇಟಿನ ಬಳಿ ನಿಂತ ಗೃಹರಕ್ಷಕನನ್ನೇ ಹುಡುಕಿಕೊಂಡು ಹೋಗಬೇಕಾಗುವುದಿಲ್ಲ. ದೂರು ಕೇಳಲು ಜಿಲ್ಲೆಯ ಸ್ಥಳೀಯ ಸಮಿತಿಯ ವ್ಯಾಪ್ತಿಯನ್ನು ಹಿಗ್ಗಿಸಿ, ಅದಕ್ಕೆ ತಕ್ಕ ಸದಸ್ಯರನ್ನು ಸೇರಿಸಬಹುದು. 2013ರ ಕಾಯ್ದೆಯಂತೆ ಆ ಸಮಿತಿ ಪ್ರತಿ ಜಿಲ್ಲೆಯಲ್ಲಿಯೂ ಇರಲೇಬೇಕು, ಸ್ವಯಂಸೇವಕಿಯ ದೂರನ್ನು ಅದು ಈಗಲೂ ಸ್ವೀಕರಿಸಲೇಬೇಕು. ಒಂದು ಬಗೆಯ ದೂರನ್ನು ಮಾತ್ರ.